ದುಪ್ಪಟಿಗಳೊಂದಿಗೆ ಆಕಾಶಕ್ಕೆ ಹೋದವಳು

ಒಂದು ಮಧ್ಯಾಹ್ನ. ಮನೆಯ ಹಿತ್ತಲಿನಲ್ಲಿ ಹೆಂಗಸರು ಒಗೆದ ದುಪ್ಪಟಿಗಳನ್ನು ಮಡಿಸುತ್ತಿದ್ದಾರೆ. ಅಷ್ಟರಲ್ಲಿ ಗಾಳಿ ಬೀಸುತ್ತದೆ. ಅವರಲ್ಲಿ ಅತಿ ಚೆಲುವೆಯಾದ ಹುಡುಗಿ ನೆಲ ಬಿಟ್ಟು ಮೇಲೇಳುತ್ತಾಳೆ. ದುಪ್ಪಟಿಗಳೊಂದಿಗೇ ಏರುತ್ತ ಏರುತ್ತ ಕಣ್ಮರೆಯಾಗುತ್ತಾಳೆ. ಮನೆಯವರು ಏನು ಮಾಡಿದರು? ವೈದ್ಯರನ್ನು ಕರೆಸಲಿಲ್ಲ, ಪೊಲೀಸರಿಗೆ ಹೇಳಲಿಲ್ಲ. ಆ ಮನೆಯ ಸೊಸೆ ಮಾತ್ರ ತನ್ನ ದುಪ್ಪಟಿಗಳನ್ನಾದರೂ ವಾಪಸು ಕಳಿಸು ಎಂದು ಬಹುಕಾಲ ದೇವರನ್ನು ಬೇಡಿಕೊಳ್ಳುತ್ತಲೇ ಇದ್ದಳು.

ಈ ಪ್ರಸಂಗ ಬರುವುದು ಕೊಲಂಬಿಯಾ ದೇಶದ ಲೇಖಕ ಗೇಬ್ರಿಯಲ್ ಗಾರ್ಸಿಯಾ ಮಾರ್ಕೆಜ್ 1967ರಲ್ಲಿ ಪ್ರಕಟಿಸಿದ 'ನೂರು ವರ್ಷಗಳ ಏಕಾಂತ' ಕಾದಂಬರಿಯಲ್ಲಿ. 1982ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. 'ಮಾಂತ್ರಿಕ ವಾಸ್ತವತೆ' ಎಂಬ ಮಾತನ್ನು ನೀವು ತರಗತಿಯಲ್ಲಿ ಕೇಳಿದ್ದರೆ, ಅದರ ಜೊತೆಗೆ ಈ ಹೆಸರನ್ನೂ ಕೇಳಿರುತ್ತೀರಿ. ತೆರೆಯ ಮೇಲಿನ ಮಾತುಕತೆಯಲ್ಲಿ ಸಮಯ ಸಾಲದೆ ಉಳಿದದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಪದದ ಚರಿತ್ರೆ. 1925ರಲ್ಲಿ ಜರ್ಮನಿಯ ಕಲಾವಿಮರ್ಶಕ ಫ್ರಾನ್ಸ್ ರೋ ಈ ಮಾತನ್ನು ಬಳಸಿದ್ದು ಚಿತ್ರಕಲೆಗೆ, ಕಥೆಗಲ್ಲ. 1949ರಲ್ಲಿ ಕ್ಯೂಬಾದ ಲೇಖಕ ಅಲೆಹೋ ಕಾರ್ಪೆಂತಿಯೆರ್, ಹೈಟಿ ದೇಶವನ್ನು ಕುರಿತ ತಮ್ಮ ಕಾದಂಬರಿಯ ಮುನ್ನುಡಿಯಲ್ಲಿ ಇದಕ್ಕೆ ಹತ್ತಿರದ ಒಂದು ವಾದ ಹೂಡಿದರು: ಯೂರೋಪಿನ ಲೇಖಕರು ಕಷ್ಟಪಟ್ಟು ಅದ್ಭುತವನ್ನು ಕಟ್ಟಬೇಕು, ನಮ್ಮ ನೆಲದಲ್ಲಿ ಅದು ದಿನನಿತ್ಯದ ಬದುಕಿನಲ್ಲೇ ಇದೆ. ಪರೀಕ್ಷೆಗೆ ಇಷ್ಟು ಸಾಕು. ಓದುವವನಿಗೆ ಬೇಕಾದದ್ದು ಬೇರೆ.

ಬೇಕಾದದ್ದು, ಇಂಥ ಕಥೆಯನ್ನು ನಾವು ನಂಬುವುದು ಹೇಗೆ ಎಂಬುದು. ಮಾರ್ಕೆಜ್ ಎಳವೆಯನ್ನು ಕಳೆದದ್ದು ಅರಕಟಾಕಾ ಎಂಬ ಊರಿನಲ್ಲಿ, ಅಜ್ಜ ಅಜ್ಜಿಯರ ಮನೆಯಲ್ಲಿ. ಅಜ್ಜಿ ದೆವ್ವಗಳ ಸಂಗತಿಯನ್ನೂ ಸಂತೆಯ ಸಂಗತಿಯನ್ನೂ ಒಂದೇ ಮುಖದಲ್ಲಿ ಹೇಳುತ್ತಿದ್ದರಂತೆ. ಹುಬ್ಬು ಕೂಡ ಮೇಲೇರುತ್ತಿರಲಿಲ್ಲ. ಆ ದನಿ ಸಿಕ್ಕಿದ ಮೇಲೆಯೇ ತಮಗೆ ಕಾದಂಬರಿ ಬರೆಯಲು ಸಾಧ್ಯವಾಯಿತು ಎಂದು ಅವರು ಹೇಳಿಕೊಂಡಿದ್ದಾರೆ. ಎರಡನೆಯ ಉಪಾಯ ವಿವರದ್ದು. ಆನೆಗಳು ಆಕಾಶದಲ್ಲಿ ಹಾರುತ್ತಿವೆ ಎಂದರೆ ಯಾರೂ ನಂಬುವುದಿಲ್ಲ. 425 ಆನೆಗಳು ಹಾರುತ್ತಿವೆ ಎಂದರೆ ಬಹುಶಃ ನಂಬುತ್ತಾರೆ ಎಂಬುದು ಅವರದೇ ವಿನೋದ. ಆ ಹುಡುಗಿಯನ್ನು ಮೇಲಕ್ಕೆತ್ತುವಾಗಲೂ ಹೀಗೆಯೇ ಆಯಿತಂತೆ. ಎಷ್ಟು ಬರೆದರೂ ಅವಳು ನೆಲ ಬಿಟ್ಟು ಏಳಲೊಲ್ಲಳು. ಒಂದು ದಿನ, ಮನೆಗೆ ಬಟ್ಟೆ ಒಗೆಯಲು ಬರುತ್ತಿದ್ದ ಹೆಂಗಸು ಗಾಳಿಯಲ್ಲಿ ದುಪ್ಪಟಿ ಒಣಹಾಕಲು ಹೆಣಗುತ್ತಿದ್ದುದನ್ನು ಕಂಡರು. ದುಪ್ಪಟಿ ಸಿಕ್ಕಿತು, ಹುಡುಗಿ ಏರಿದಳು.

ಇದರ ಇನ್ನೊಂದು ಮಗ್ಗುಲು ನೋಡಿ. ಹುಡುಗಿ ಹಾರಿದರೆ ಸುಮ್ಮನಿರುವ ಇದೇ ಮಕೊಂಡೊ ಊರಿನವರು ಅಯಸ್ಕಾಂತ ಕಂಡು ಬೆಕ್ಕಸ ಬೆರಗಾಗುತ್ತಾರೆ. ಕಟ್ಟುಹಲ್ಲಿನ ಸೆಟ್ಟು ಅವರಿಗೆ ಪವಾಡ. ಮಂಜುಗಡ್ಡೆ ಮುಟ್ಟಿ ನೋಡಲು ಹಣ ಕೊಡುತ್ತಾರೆ! ಅದ್ಭುತವನ್ನು ಸಾಮಾನ್ಯವೆಂಬಂತೆ, ಸಾಮಾನ್ಯವನ್ನು ಅದ್ಭುತವೆಂಬಂತೆ ಹೇಳುವ ಈ ಅದಲುಬದಲು ಕಾವ್ಯದಲ್ಲಿಯೂ ಉಂಟು. ಚಿಲಿ ದೇಶದ ಕವಿ ಪಾಬ್ಲೊ ನೆರೂಡ 1954ರಲ್ಲಿ ಹೊರತಂದ ಸಂಕಲನದಲ್ಲಿ ಈರುಳ್ಳಿ, ಟೊಮೆಟೊಗಳ ಮೇಲೆ ಕವಿತೆಗಳಿವೆ. ಮುಂದೆ ಉಣ್ಣೆಯ ಕಾಲುಚೀಲದ ಮೇಲೂ ಒಂದನ್ನು ಬರೆದರು. ಅಲ್ಲಿ ಯಾವ ವಸ್ತುವೂ ಹಾರಬೇಕಾಗಿಲ್ಲ. ಅಡಿಗೆಮನೆಯ ಈರುಳ್ಳಿಯನ್ನು ಅದುವರೆಗೆ ಕಂಡೇ ಇಲ್ಲವೆಂಬಂತೆ ನೋಡಿದರೆ ಆಯಿತು.

ಇಷ್ಟೇ ಆಗಿದ್ದರೆ ಇದು ಒಳ್ಳೆಯ ಆಟ ಎನ್ನಬಹುದಿತ್ತು. ಆದರೆ ಅದೇ ಕಾದಂಬರಿಯಲ್ಲಿ ಒಂದು ರೈಲು ಬರುತ್ತದೆ. ಬಾಳೆಹಣ್ಣಿನ ಕಂಪನಿಯ ಕೂಲಿಗಳು ಮುಷ್ಕರ ಹೂಡಿ ನಿಲ್ದಾಣದ ಬಳಿ ಸೇರಿದ್ದಾಗ ಸೈನಿಕರು ಗುಂಡು ಹಾರಿಸುತ್ತಾರೆ. ಗಾಯಗೊಂಡ ಒಬ್ಬನಿಗೆ ಎಚ್ಚರವಾದಾಗ ಅವನು ಸುಮಾರು 200 ಡಬ್ಬಿಗಳ ರೈಲಿನಲ್ಲಿ ಹೆಣಗಳ ಮೇಲೆ ಮಲಗಿದ್ದಾನೆ. ಸತ್ತವರು ಮೂರು ಸಾವಿರಕ್ಕೂ ಮಿಕ್ಕು ಎಂಬುದು ಅವನ ಲೆಕ್ಕ. ಹೇಗೋ ಊರಿಗೆ ಮರಳಿ ಬಂದು ಹೇಳಿದರೆ ಯಾರೂ ನಂಬುವುದಿಲ್ಲ. ಇಲ್ಲಿ ಯಾರೂ ಸತ್ತಿಲ್ಲ, ಎಲ್ಲರೂ ಮನೆಗೆ ಹೋದರು ಎನ್ನುತ್ತಾರೆ. ಆಮೇಲೆ 4 ವರ್ಷ, 11 ತಿಂಗಳು, 2 ದಿನ ಮಳೆ ಸುರಿಯುತ್ತದೆ.

ಮೊದಲ ಸಲ ಓದಿದಾಗ ನಾನು ಹಾರುವ ಹುಡುಗಿ, ರೈಲು ಎರಡನ್ನೂ ಕಟ್ಟುಕಥೆಯ ಲೆಕ್ಕಕ್ಕೇ ಹಾಕಿ ಮುಂದೆ ಹೋಗಿದ್ದೆ. ತಪ್ಪು ನನ್ನದು. 1928ರ ಡಿಸೆಂಬರಿನಲ್ಲಿ ಕೊಲಂಬಿಯಾದ ಸಿಯೆನಗಾ ಪಟ್ಟಣದಲ್ಲಿ, ಅಮೆರಿಕದ ಯುನೈಟೆಡ್ ಫ್ರೂಟ್ ಕಂಪನಿಯ ತೋಟಗಳ ಮುಷ್ಕರಗಾರರ ಮೇಲೆ ಸೈನ್ಯ ಗುಂಡು ಹಾರಿಸಿದ್ದು ನಡೆದ ಸಂಗತಿ. ಸತ್ತವರೆಷ್ಟು ಎಂಬುದು ಇಂದಿಗೂ ತೀರ್ಮಾನವಾಗಿಲ್ಲ. ಸೇನಾಧಿಕಾರಿ ಒಪ್ಪಿಕೊಂಡದ್ದು 47. ಬೇರೆಯವರು ಹೇಳಿದ್ದು ಅದರ ಹತ್ತಾರು ಪಟ್ಟು. ಮೂರು ಸಾವಿರವೆಂಬುದು ಕಾದಂಬರಿಯ ಅಳತೆಗೆ ತಕ್ಕಂತೆ ತಾವು ಇಟ್ಟ ಸಂಖ್ಯೆ ಎಂದು ಮಾರ್ಕೆಜ್ ಮುಂದೆ ಒಪ್ಪಿಕೊಂಡರು.

ಈಗ ಎರಡನ್ನೂ ಪಕ್ಕಪಕ್ಕ ಇಡಿ. ಹುಡುಗಿ ಆಕಾಶಕ್ಕೆ ಹೋದದ್ದನ್ನು ಊರು ನಂಬಿತು. ಕೂಲಿಗಳು ಸತ್ತದ್ದನ್ನು ನಂಬಲಿಲ್ಲ. ಕಾದಂಬರಿಯಲ್ಲಿ ನಿಜವಾಗಿ ನಂಬಲಾಗದ ಭಾಗ ಯಾವುದು? ನನಗಂತೂ ಹುಡುಗಿಯದಲ್ಲ.

'ಇದೆಲ್ಲ ನಮ್ಮ ಜನಪದ ಕಥೆಯಲ್ಲಿ ಮೊದಲಿಂದಲೂ ಇದೆಯಲ್ಲ' ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಇದೆ, ಆದರೆ ಪೂರ್ತಿ ಇದಲ್ಲ. ರಾತ್ರಿ ಮನೆಮನೆಯ ದೀಪಗಳು ಗುಡಿಯಲ್ಲಿ ಸೇರಿ ತಮ್ಮ ತಮ್ಮ ಮನೆಯ ಸುದ್ದಿ ಹೇಳಿಕೊಳ್ಳುವ ಕನ್ನಡದ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಗಿರೀಶ ಕಾರ್ನಾಡರು 'ನಾಗಮಂಡಲ' ನಾಟಕಕ್ಕೆ ಬಳಸಿಕೊಂಡಾಗ ಆ ದೀಪಗಳೂ ರಂಗದ ಮೇಲೆ ಬಂದವು. ಜನಪದ ಕಥೆ ನಡೆಯುವುದು 'ಒಂದಾನೊಂದು ಊರಿ'ನಲ್ಲಿ. ಅಲ್ಲಿ ದೀಪ ಮಾತಾಡಿದರೆ ಯಾರೂ ಲೆಕ್ಕ ಕೇಳುವುದಿಲ್ಲ. ಅದೇ ದೀಪವನ್ನು ಜಾತಿ, ಜಮೀನು, ಜಗಳಗಳಿರುವ ಇಂದಿನ ಊರಿಗೆ ತಂದು ಕೂರಿಸಿದಾಗ ಮಾತಿನ ತೂಕ ಬದಲಾಗುತ್ತದೆ. ದೇವನೂರ ಮಹಾದೇವ ಅವರ 'ಕುಸುಮಬಾಲೆ' ಮಾಡುವುದು ಇದನ್ನೇ. 1990ರ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಪಡೆದ ಈ ಕೃತಿಯಲ್ಲಿ ಜೋತಮ್ಮಗಳು ಸೇರಿ ಮಾತಾಡುತ್ತವೆ, ಮಂಚವೊಂದು ತನ್ನ ಸಂಕಟ ಹೇಳುತ್ತದೆ. ಅವು ಮಾತಾಡುವ ಊರಿನಲ್ಲೇ ಚನ್ನ ಎಂಬ ದಲಿತ ತರುಣನ ಕೊಲೆಯಾಗಿದೆ.

ಪುಸ್ತಕ ಚಿಕ್ಕದು. ಭಾಷೆ ನಂಜನಗೂಡು ಸೀಮೆಯ ಆಡುಮಾತು. ಮೊದಲ ಪುಟಗಳು ತೊಡಕೆನಿಸಿದರೆ ಗಟ್ಟಿಯಾಗಿ ಓದಿಕೊಳ್ಳಿ, ಕಿವಿಗೆ ಬೇಗ ಹಿಡಿಯುತ್ತದೆ.