ಅಂಕೆಗಳ ಕಂಠಾಭರಣ

ಚಿಕ್ಕಬಾಣಾವರದ ರೈಲು ನಿಲ್ದಾಣದಲ್ಲಿ ಒಂದು ಸಂಜೆ ಗಾಡಿಗಾಗಿ ಕಾದು ಕುಳಿತಿದ್ದೆ. ನನ್ನ ತರಗತಿಯ ವಿಜ್ಞಾನದ ವಿದ್ಯಾರ್ಥಿಯೊಬ್ಬನು ಬಳಿಗೆ ಬಂದು, “ಕವಿರಾಜಮಾರ್ಗದ ಕಾಲದಲ್ಲಿ ನಮ್ಮವರು ಕಾವ್ಯವನ್ನಲ್ಲದೆ ಬೇರೇನನ್ನೂ ಚಿಂತಿಸಲಿಲ್ಲವೆ, ಸಾರ್?” ಎಂದು ಕೇಳಿದ. ಎರಡು ದಶಕ ಪಾಠ ಹೇಳಿದ ನನ್ನಲ್ಲಿ ಉತ್ತರವಿರಲಿಲ್ಲ. ಬಾಲ್ಯದಲ್ಲಿ ಗಣಿತಕ್ಕೆ ಅಂಜಿ ಸಾಹಿತ್ಯದ ಆಶ್ರಯ ಪಡೆದವನು ನಾನು. ಆ ಅಂಜಿಕೆ ನನ್ನ ಪಾಠದಲ್ಲಿಯೂ ಮೌನವಾಗಿ ಉಳಿದುಬಂದಿತ್ತು.

ಉತ್ತರವನ್ನು ಅರಸಿ ಹೊರಟಾಗ ದೊರೆತದ್ದು ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’. ಸುಮಾರು ಕ್ರಿ.ಶ. ೮೫೦ರ ಈ ಸಂಸ್ಕೃತ ಪದ್ಯಗ್ರಂಥದ ಆರಂಭದಲ್ಲಿಯೇ ಅಮೋಘವರ್ಷ ನೃಪತುಂಗನ ಸ್ತುತಿಯಿದೆ. ಕವಿರಾಜಮಾರ್ಗಕ್ಕೆ ಆಶ್ರಯವಿತ್ತ ಅರಸನ ಆಳ್ವಿಕೆಯಲ್ಲಿಯೇ ಗಣಿತವೂ ಛಂದಸ್ಸಿನಲ್ಲಿ ಮಾತನಾಡಿತ್ತು. ಎಂ. ರಂಗಾಚಾರ್ಯರು ೧೯೧೨ರಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಿಂದ ಪ್ರಕಟಿಸಿದರು.

ಅದರ ಗುಣಾಕಾರ ಪ್ರಕರಣದ ಲೆಕ್ಕವೊಂದನ್ನು ನೋಡಿ: ೨೭೯೯೪೬೮೧ನ್ನು ೪೪೧ರಿಂದ ಗುಣಿಸಬೇಕು. ಈ ಎರಡು ಸಂಖ್ಯೆಗಳಲ್ಲಿ ಯಾವ ಸೊಗಸೂ ಕಾಣದು. ಗುಣಲಬ್ಧವಾದರೋ ೧೨೩೪೫೬೫೪೩೨೧! ಒಂದರಿಂದ ಆರರವರೆಗೆ ಏರಿ, ಬಂದ ದಾರಿಯಲ್ಲಿಯೇ ಇಳಿಯುವ ಸಂಖ್ಯೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಏಕದಿಂದ ಮಹಾಕ್ಷೋಭದವರೆಗೆ ಆಚಾರ್ಯನು ಹೆಸರಿಸಿದ ೨೪ ಸ್ಥಾನಗಳಲ್ಲಿ ಇದರ ಮೊದಲ ಅಂಕೆ ೧೧ನೆಯದಾದ ಅರ್ಬುದದಲ್ಲಿ ನಿಲ್ಲುತ್ತದೆ. ಇಂಥ ಕೆಲವು ಗುಣಲಬ್ಧಗಳನ್ನು ಆತ ಕೊರಳಿನ ಆಭರಣವೆಂದೇ ಕರೆದಿದ್ದಾನೆ.

ಇದರ ಗುಟ್ಟೇನು? ೪೪೧ ಎಂಬುದು ೨೧ರ ವರ್ಗ. ೨೭೯೯೪೬೮೧ ಎಂಬುದು ೫೨೯೧ರ ವರ್ಗ. ೨೧ನ್ನು ೫೨೯೧ರಿಂದ ಗುಣಿಸಿದರೆ ೧೧೧೧೧೧. ಆದುದರಿಂದ ನಮ್ಮ ಹಾರವು ಆರು ಒಂದುಗಳ ವರ್ಗವೇ ಆಗಿದೆ. ೧೧೧೧೧೧ನ್ನು ಅದರಿಂದಲೇ ಗುಣಿಸುವಾಗ ಆರು ಸಾಲುಗಳು ಒಂದೊಂದು ಸ್ಥಾನ ಸರಿದು ನಿಲ್ಲುತ್ತವೆ. ಕಂಬಗಳಲ್ಲಿ ಕ್ರಮವಾಗಿ ಒಂದು, ಎರಡು, ಹೀಗೆ ಆರರವರೆಗೆ ಒಂದುಗಳು ಕೂಡಿ, ಮತ್ತೆ ಕಡಮೆಯಾಗುತ್ತವೆ. ಯಾವ ಕಂಬದಲ್ಲಿಯೂ ಮೊತ್ತ ಹತ್ತನ್ನು ಮುಟ್ಟದು. ಒಂಬತ್ತು ಒಂದುಗಳವರೆಗೆ ಈ ಸೊಬಗು ನಿಲ್ಲುತ್ತದೆ. ಹತ್ತನೆಯದು ಸೇರಿದೊಡನೆ ನಡುಗಂಬದಿಂದ ದಶಕವು ಪಕ್ಕಕ್ಕೆ ಸಾಗಿ, ಹಾರದ ಎಳೆ ಹರಿಯುತ್ತದೆ.

ಒಂದು ರಾತ್ರಿ ನಾನೇ ಕಾಗದ ಹಿಡಿದು ಆಚಾರ್ಯನ ಲೆಕ್ಕವನ್ನು ಮಾಡಲು ಕುಳಿತೆ. ಮೊದಲ ಸಲ ಉತ್ತರದ ನಡುವೆ ಒಂದು ಅಂಕೆ ತಪ್ಪಿತು. ತಪ್ಪನ್ನು ತೋರಿಸಲು ಯಾವ ಗುರುವೂ ಬೇಕಾಗಲಿಲ್ಲ. ಮುರಿದ ಹಾರವೇ ಅದನ್ನು ಹೇಳಿತು. ಆಗ ನನಗೆ ಹೊಳೆಯಿತು: ಈ ಅಲಂಕಾರ ಬರಿಯ ವಿನೋದವಲ್ಲ, ಕಲಿಯುವವನ ಬಗೆಗಿನ ಕರುಣೆಯೂ ಹೌದು. ಬಯ್ಗುಳವಿಲ್ಲದೆ ತಿದ್ದುವ ಇಂಥ ಗುರು ನನಗೆ ಹತ್ತರ ವಯಸ್ಸಿನಲ್ಲಿ ದೊರೆತಿದ್ದರೆ ಅಷ್ಟು ಅಂಜುತ್ತಿದ್ದೆನೆ?

೧೨ನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಅವನನ್ನೂ ನಾವು ಸಾಹಿತ್ಯಚರಿತ್ರೆಯ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತೇವೆ.

ಮರುವಾರ ಕವಿರಾಜಮಾರ್ಗದ ಪಾಠಕ್ಕೆ ಮೊದಲು ಕಪ್ಪುಹಲಗೆಯ ಮೇಲೆ ಆ ಎರಡು ಸಂಖ್ಯೆಗಳನ್ನು ಬರೆದು, ಗುಣಿಸುವಂತೆ ಹೇಳಿದೆ. ತರಗತಿ ತಲೆತಗ್ಗಿಸಿ ಬರೆಯತೊಡಗಿತು. ನಿಲ್ದಾಣದಲ್ಲಿ ಪ್ರಶ್ನೆ ಕೇಳಿದ ಹುಡುಗ ಎಲ್ಲರಿಗಿಂತ ಮೊದಲು ತಲೆಯೆತ್ತಿದ. ಅವನ ಮುಖ ನೋಡಿದೊಡನೆ, ಉತ್ತರ ಸರಿಬಂದಿದೆಯೆಂದು ನನಗೆ ತಿಳಿಯಿತು.