ಇಂಗ್ಲಿಷ್ ಪ್ರೆಸೆಂಟೇಷನ್‌ಗೆ ಮೊದಲ ಪ್ರಾಕ್ಟೀಸ್ ಅಪ್ಪನ ಎದುರು, ಕನ್ನಡದಲ್ಲಿ

"ಗುಡ್ ಮಾರ್ನಿಂಗ್ ಟು ಒನ್ ಅಂಡ್ ಆಲ್..." ಇಷ್ಟು ಹೇಳಿ ನಿಂತುಬಿಟ್ಟಿದ್ದೆ. ಎಂಜಿನಿಯರಿಂಗ್ ಕೊನೆಯ ವರ್ಷದ ಟೆಕ್ನಿಕಲ್ ಸೆಮಿನಾರ್ ಅದು. ಎರಡು ರಾತ್ರಿ ಕೂತು ಬಾಯಿಪಾಠ ಮಾಡಿದ್ದ ಮುಂದಿನ ವಾಕ್ಯ ಎಲ್ಲಿ ಹೋಯ್ತೋ ಗೊತ್ತಿಲ್ಲ. ಆಮೇಲೆ ನಮ್ಮಲ್ಲಿ ಬಹಳ ಜನ ಮಾಡೋದನ್ನೇ ಮಾಡಿದೆ. ಕ್ಲಾಸಿಗೆ ಬೆನ್ನು ತಿರುಗಿಸಿ, ಪರದೆ ಮೇಲಿದ್ದ 28 ಸ್ಲೈಡ್‌ಗಳನ್ನು ಒಂದಕ್ಷರ ಬಿಡದೆ ಓದಿ ಮುಗಿಸಿದೆ. ಕೊನೆಗೆ ಬಂದದ್ದು ಒಂದೇ ಪ್ರಶ್ನೆ: "ಇದನ್ನ ನಿನ್ನ ಮಾತಲ್ಲಿ ಹೇಳಪ್ಪಾ." ಇಂಗ್ಲಿಷಲ್ಲಿ ಆಗಲಿಲ್ಲ. "ಕನ್ನಡದಲ್ಲೇ ಹೇಳು" ಅಂದರು. ಅದೂ ಆಗಲಿಲ್ಲ.

ಆವತ್ತು ಬಸ್ಸಲ್ಲಿ ಕೂತು ನನ್ನ ಇಂಗ್ಲಿಷನ್ನು ಬೈಕೊಂಡೇ ಮನೆಗೆ ಬಂದೆ. ತಪ್ಪು ಬೇರೆ ಕಡೆನೂ ಇತ್ತು ಅಂತ ತಿಳಿಯೋಕೆ ಬೆಂಗಳೂರಿನ ಆಫೀಸ್ ಮೀಟಿಂಗುಗಳಲ್ಲಿ ಕೆಲವು ವರ್ಷ ಕಳೆಯಬೇಕಾಯ್ತು.

ಈಗ ನನಗೆ ಮೂವತ್ತರ ಹತ್ತಿರ. ತಿಂಗಳಿಗೆ ಎರಡು ಸಲ ಅರಕಲಗೂಡಿಗೆ ಹೋಗ್ತೀನಿ. ಭಾನುವಾರ ಬೆಳಗ್ಗೆ ನಮ್ಮನೆ ಜಗಲಿ ಮೇಲೆ ನಾಲ್ಕೈದು ವಿದ್ಯಾರ್ಥಿಗಳು ಸೇರ್ತಾರೆ. ಸುಮಾರು 30 ಕಿಲೋಮೀಟರ್ ದೂರದ ಹಾಸನಕ್ಕೆ ದಿನಾ ಬಸ್ಸಲ್ಲಿ ಓಡಾಡಿ ಓದೋರು. "ಅಣ್ಣ, ಇಂಗ್ಲಿಷಲ್ಲಿ ಪಿಪಿಟಿ ಕೊಡೋದು ಹೇಳ್ಕೊಡಿ" ಅಂತ ಒಬ್ಬ ಕೇಳಿದ್ದರಿಂದ ಶುರುವಾದದ್ದು. ನಾನೇನೂ ಮೇಷ್ಟ್ರಲ್ಲ. ನಾನು ಬಿದ್ದ ಜಾಗ ಎಲ್ಲಿದೆ ಅಂತ ತೋರಿಸೋದಷ್ಟೇ ನನ್ನ ಕೆಲಸ.

ಬ್ಯಾರನ್ ಒಳಗಿನ ಬಿಸಿ

ಈ ವರ್ಷ ಬಂದವರಲ್ಲಿ ಒಬ್ಬ ಹುಡುಗಿ ರಾಮನಾಥಪುರದ ಕಡೆಯವಳು. ಅಲ್ಲಿ ತಂಬಾಕು ಹರಾಜು ಮಾರುಕಟ್ಟೆ ಇದೆ, ಸುತ್ತಮುತ್ತ ತಂಬಾಕು ಬೆಳೆಯೋರು ಜಾಸ್ತಿ. ಅವಳ ಅಪ್ಪನೂ ಬೆಳೀತಾರೆ. ಕಿತ್ತ ಹಸಿ ಎಲೆಯನ್ನು ಬ್ಯಾರನ್‌ನಲ್ಲಿ ಐದಾರು ದಿನ ಹದ ಮಾಡಬೇಕು. ಎಲೆ ಹಳದಿಗೆ ತಿರುಗೋವರೆಗೆ 35ರಿಂದ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಆಮೇಲೆ ನಿಧಾನಕ್ಕೆ ಏರಿಸ್ತಾ, ಕೊನೆಗೆ ನಡುನರ ಒಣಗೋಕೆ 70ರ ಹತ್ತಿರ. ರಾತ್ರಿ ಯಾರಾದರೂ ಒಲೆ ಪಕ್ಕದಲ್ಲೇ ಮಲಗಿ, ಎದ್ದೆದ್ದು ಸೌದೆ ಒಟ್ಟಬೇಕು.

ಬಿಸಿ ಹೆಚ್ಚು ಕಡಿಮೆ ಆದರೆ ಅಪ್ಪನ ಮೊಬೈಲ್‌ಗೆ ಮೆಸೇಜ್ ಬರೋ ಹಾಗೆ ಸೆನ್ಸರ್ ಕೂರಿಸಿದ್ದು ಅವಳ ತಂಡದ ಪ್ರಾಜೆಕ್ಟ್. ಎಷ್ಟು ಒಳ್ಳೆ ವಿಷಯ! ಆದರೆ ಮೊದಲನೇ ಭಾನುವಾರ ಅವಳು ಶುರು ಮಾಡಿದ್ದು ಹೀಗೆ: "ಇಂಟರ್ನೆಟ್ ಆಫ್ ಥಿಂಗ್ಸ್ ಈಸ್ ಎ ನೆಟ್‌ವರ್ಕ್ ಆಫ್ ಫಿಸಿಕಲ್ ಆಬ್ಜೆಕ್ಟ್ಸ್..." ಎಂಟು ಸ್ಲೈಡ್ ಕಳೆದರೂ ತಂಬಾಕಿನ ಸುದ್ದಿಯೇ ಇಲ್ಲ. ಧ್ವನಿ ನಡುಗ್ತಾ ಇತ್ತು. "ಅಣ್ಣ, ನಂಗೆ ಇಂಗ್ಲಿಷ್ ಬರಲ್ಲ, ವೈವಾದಲ್ಲಿ ಮಾನ ಹೋಗುತ್ತೆ" ಅಂದಳು. ಬೇರೆ ಇಬ್ಬರು ಮಾತಾಡ್ತೀವಿ ಅಂದಿದ್ದಾರೆ, ತಾನು ಲ್ಯಾಪ್‌ಟಾಪ್ ಹತ್ತಿರ ನಿಂತು ಸ್ಲೈಡ್ ಬದಲಾಯಿಸ್ತೀನಿ ಅಂತ ಒಪ್ಪಿಕೊಂಡುಬಿಟ್ಟಿದ್ದಳು. ಬ್ಯಾರನ್ ಅವಳ ಮನೆಯದು, ರೀಡಿಂಗ್ ಹಿಡಿದವಳು ಅವಳು. ಮಾತು ಮಾತ್ರ ಬೇರೆಯವರದು.

ನಾನು ಒಂದೇ ಹೋಂವರ್ಕ್ ಕೊಟ್ಟೆ: "ಇವತ್ತು ರಾತ್ರಿ ಅಪ್ಪನಿಗೆ ಕನ್ನಡದಲ್ಲಿ ಮೂರು ನಿಮಿಷ ಹೇಳು. ಸ್ಲೈಡ್ ಬೇಡ. ಫೋನಲ್ಲಿ ರೆಕಾರ್ಡ್ ಮಾಡ್ಕೊ."

ಮುಂದಿನ ಸಲ ಬಂದು ರೆಕಾರ್ಡಿಂಗ್ ಕೇಳಿಸಿದಳು. ಎರಡನೇ ನಿಮಿಷಕ್ಕೇ ಅಪ್ಪ ಅಡ್ಡ ಬಂದಿದ್ದರು. "ಸೆನ್ಸರ್ ಕೆಳಗಡೆ ಕೊಳವೆ ಹತ್ರ ಕಟ್ಟಿದ್ಯಲ್ಲವ್ವ, ಮೇಲಿನ ಸಾಲಿನ ಎಲೆಗೆ ಅಷ್ಟು ಬಿಸಿ ಎಲ್ಲಿರುತ್ತೆ?"

ಇಡೀ ತಂಡಕ್ಕೆ ಹೊಳೆಯದ ಪ್ರಶ್ನೆ! ಆಗ ಏಪ್ರಿಲ್. ಬ್ಯಾರನ್ ತಣ್ಣಗಿತ್ತು, ಮತ್ತೆ ಅಳೆಯೋಕೆ ಸಾಧ್ಯ ಇರಲಿಲ್ಲ. "ಈಗೇನು ಮಾಡ್ಲಿ, ಮುಚ್ಚಿಡ್ಲಾ?" ಅಂದಳು. "ಅದನ್ನೇ ಒಂದು ಸ್ಲೈಡ್ ಮಾಡು" ಅಂದೆ.

ಕನ್ನಡದಿಂದ ಇಂಗ್ಲಿಷಿಗೆ

ಕನ್ನಡದಲ್ಲಿ ಹೇಳೋಕೆ ಆಗದ್ದು ನಮಗಿನ್ನೂ ಅರ್ಥ ಆಗಿಲ್ಲ ಅಂತಲೇ ಲೆಕ್ಕ. ಅರ್ಥ ಆದಮೇಲೆ ಇಂಗ್ಲಿಷಿಗೆ ತರೋದು ಒಂದು ಕಸುಬು, ಕಲಿಯಬಹುದು. ನಾವು ಜಗಲಿ ಮೇಲೆ ಮಾಡೋದು ಇಷ್ಟು:

ಚಿಕ್ಕ ವಾಕ್ಯ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತೆ, ಇಂಗ್ಲಿಷಲ್ಲಿ ಕರ್ತೃವಿನ ಹಿಂದೆಯೇ ಬರುತ್ತೆ. ಉದ್ದದ ಕನ್ನಡ ವಾಕ್ಯವನ್ನು ತಲೆಯಲ್ಲೇ ಅನುವಾದ ಮಾಡ್ತಾ ಹೊರಟರೆ ನಡುದಾರಿಯಲ್ಲಿ ಸಿಕ್ಕಿಹಾಕ್ಕೊಳ್ತೀವಿ. ಅವಳ ಮೊದಲ ಸಾಲು ಈಗ ಹೀಗಾಯ್ತು: "ಮೈ ಫಾದರ್ ಗ್ರೋಸ್ ಟೊಬ್ಯಾಕೊ. ಎವ್ರಿ ಕ್ಯೂರಿಂಗ್ ನೈಟ್, ಹೀ ವೇಕ್ಸ್ ಅಪ್ ಮೆನಿ ಟೈಮ್ಸ್." ಇದಕ್ಕಿಂತ ದೊಡ್ಡ ಇಂಗ್ಲಿಷ್ ಬೇಕಾ?

ಮೊದಲ ಎರಡು ವಾಕ್ಯ, ಕೊನೆಯ ಒಂದು ವಾಕ್ಯ ಮಾತ್ರ ಬಾಯಿಪಾಠ. ಎದೆ ಜೋರಾಗಿ ಹೊಡ್ಕೊಳ್ಳೋದು ಶುರುವಿನಲ್ಲಿ. ಆ ಅರ್ಧ ನಿಮಿಷ ದಾಟಿದರೆ ದಾರಿ ಕಾಣುತ್ತೆ. ಪೂರ್ತಿ ಉರು ಹೊಡೆದರೆ ಒಂದು ಪದ ಮರೆತರೂ ನನ್ನ ಗತಿಯೇ.

ಸ್ಲೈಡ್ ಓದಬೇಡಿ. ಪವರ್‌ಪಾಯಿಂಟ್ 1987ರಲ್ಲಿ ಬಂತು. ಸ್ಲೈಡ್ ತುಂಬಾ ಬರೆದು ಅದನ್ನೇ ಓದೋ ರೋಗಕ್ಕೆ ಇವತ್ತಿಗೂ ಮದ್ದಿಲ್ಲ. ಚಿತ್ರದ ಜೊತೆ ಮಾತು ಕೇಳಿದವರು, ಅದೇ ಮಾತನ್ನು ಪರದೆ ಮೇಲೂ ಓದಬೇಕಾದವರಿಗಿಂತ ಚೆನ್ನಾಗಿ ಕಲಿತರು ಅಂತ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಪ್ರಯೋಗಗಳಲ್ಲಿ ತೋರಿಸಿದ್ದಾರೆ. 10 ಸ್ಲೈಡ್, 20 ನಿಮಿಷ, 30 ಪಾಯಿಂಟ್‌ಗಿಂತ ಸಣ್ಣದಿಲ್ಲದ ಅಕ್ಷರ ಅನ್ನೋದು ಗೈ ಕವಾಸಾಕಿ ಅವರ ಸೂತ್ರ. ಅವಳ 31 ಸ್ಲೈಡ್ 9 ಆಯ್ತು. ಮೊದಲನೆಯದು ಬ್ಯಾರನ್ ಫೋಟೊ.

ಆಕ್ಸೆಂಟ್ ಬೇಡ, ಒತ್ತು ಬೇಕು. ಅಮೆರಿಕದವರ ಹಾಗೆ ಮಾತಾಡೋ ಅಗತ್ಯ ಇಲ್ಲ. ಆದರೆ ನಾವು ಎಲ್ಲ ಅಕ್ಷರವನ್ನೂ ಸಮನಾಗಿ ಹೇಳಿಬಿಡ್ತೀವಿ, ಇಂಗ್ಲಿಷ್ ಒಂದು ಕಡೆ ಒತ್ತು ಕೇಳುತ್ತೆ. 'ಡೆವೆಲಪ್'ನಲ್ಲಿ ಒತ್ತು ನಡುವಿನ 'ವೆ' ಮೇಲೆ, 'ಟೆಂಪರೇಚರ್'ನಲ್ಲಿ ಮೊದಲಿನ 'ಟೆಂ' ಮೇಲೆ. 'ಎಂಪ್ಟಿ' ನಮ್ಮ ಬಾಯಲ್ಲಿ 'ಯೆಂಪ್ಟಿ' ಆಗುತ್ತೆ. ನಿಮ್ಮ ಪ್ರಾಜೆಕ್ಟಿನಲ್ಲಿ ಮತ್ತೆ ಮತ್ತೆ ಬರೋ ಹತ್ತು ಪದ ಆರಿಸಿ, ಡಿಕ್ಷನರಿ ಆ್ಯಪ್‌ನಲ್ಲಿ ಕೇಳಿ, ಗಟ್ಟಿಯಾಗಿ ಹೇಳಿ. ಹತ್ತೇ ಸಾಕು.

'ಆಕ್ಚುಯಲಿ' ಬದಲು ಮೌನ. 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳಲ್ಲಿ ಇಂಥ 'ಆ', 'ಉಂ'ಗಳನ್ನು ಎಣಿಸೋಕೇ ಒಬ್ಬರು ಇರ್ತಾರೆ. ನಮ್ಮ ಜಗಲಿಯಲ್ಲಿ ಆ ಕೆಲಸ ನನ್ನ ತಂಗಿಯದು. ಕಡಲೆಬೀಜ ಎತ್ತಿಟ್ಟು ಲೆಕ್ಕ ಹಾಕ್ತಾಳೆ. ಮೊದಲ ದಿನ ಆ ಹುಡುಗಿಯ ಲೆಕ್ಕ 23 ಬೀಜ, ಕೊನೆಗೆ 6.

ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನೋಕೆ ಒಂದು ವಾಕ್ಯ. "ವಿ ಹ್ಯಾವ್ ನಾಟ್ ಟೆಸ್ಟೆಡ್ ದಟ್, ಸರ್." ಪ್ರಶ್ನೆ ಅರ್ಥವಾಗದಿದ್ದರೆ "ಕುಡ್ ಯು ಪ್ಲೀಸ್ ರಿಪೀಟ್ ದ ಕ್ವೆಶ್ಚನ್?" ಇವೆರಡು ಜೇಬಲ್ಲಿದ್ದರೆ ಅರ್ಧ ಭಯ ಹೋಗುತ್ತೆ.

ಒಂದು ಮಾತು ಮಾತ್ರ ಪ್ರಾಮಾಣಿಕವಾಗಿ ಹೇಳಬೇಕು. ಕನ್ನಡ ಮೀಡಿಯಂನಿಂದ ಬಂದವರಿಗೆ ಈ ದಾರಿ ಉದ್ದವೇ. ಊರಿನ ಹೆಸರನ್ನು ತನ್ನ ಹೆಸರಿನ ಮುಂದಿಟ್ಟುಕೊಂಡ ಅರಕಲಗೂಡು ನರಸಿಂಗರಾವ್ ಕೃಷ್ಣರಾವ್, ಅಂದರೆ ನಮ್ಮ ಅನಕೃ, ಕನ್ನಡದಲ್ಲಿ ಮಾತಾಡಿಯೇ ಜನರನ್ನು ಹಿಡಿದಿಟ್ಟವರು. ಅದೇ ಊರಿನ ಮಕ್ಕಳು ಇಂಗ್ಲಿಷ್ ಬರಲ್ಲ ಅಂತ ತಲೆ ತಗ್ಗಿಸಿ ಲ್ಯಾಪ್‌ಟಾಪ್ ಪಕ್ಕ ನಿಲ್ಲೋದು ನೋಡಿದರೆ ಹೊಟ್ಟೆ ಉರಿಯುತ್ತೆ. ಇಂಟರ್‌ವ್ಯೂನಲ್ಲಿ ಯಾರೂ ಈ ಕಥೆ ಕೇಳಲ್ಲ, ಇಂಗ್ಲಿಷನ್ನೇ ಕೇಳ್ತಾರೆ. ಅದಕ್ಕೇ ಕಲಿಯಲೇಬೇಕು. ನಾಚಿಕೆ ಇಟ್ಟುಕೊಂಡು ಕಲಿಯೋದು ಮಾತ್ರ ಬೇಡ.

ವೈವಾ ದಿನ

ಆ ಹುಡುಗಿ ತಂಡದವರ ಹತ್ತಿರ ಮಾತಾಡಿ ಶುರುವಿನ ನಾಲ್ಕು ನಿಮಿಷ ತಾನೇ ತಗೊಂಡಳು. ಮಧ್ಯದಲ್ಲಿ ಎರಡು ಸಲ ತಡವರಿಸಿದಳಂತೆ. 'ಹ್ಯಾಸ್' ಜಾಗದಲ್ಲಿ 'ಹ್ಯಾವ್' ಬಂತಂತೆ. ಅಪ್ಪ ಹೇಳಿದ ಕೊರತೆಯ ಸ್ಲೈಡ್ ಬಂದಾಗ, ಅಲ್ಲಿಯವರೆಗೆ ಮೊಬೈಲ್ ನೋಡ್ತಿದ್ದ ಎಕ್ಸ್‌ಟರ್ನಲ್ ತಲೆ ಎತ್ತಿ ಕೇಳಿದರಂತೆ, "ಹೌ ಡಿಡ್ ಯು ಫೈಂಡ್ ದಿಸ್?"

"ಮೈ ಫಾದರ್ ಟೋಲ್ಡ್ ಮಿ, ಸರ್" ಅಂದಳಂತೆ.

ಇದನ್ನು ಬರೆಯುವಾಗ ಮಾರ್ಕ್ಸ್ ಇನ್ನೂ ಬಂದಿಲ್ಲ. ಕೆಲಸವೂ ಸಿಕ್ಕಿಲ್ಲ, ಎರಡು ಕಂಪನಿಗೆ ಅರ್ಜಿ ಹಾಕಿದ್ದಾಳೆ. ಆವತ್ತು ಸಂಜೆ ಬಸ್ಸಿಂದಲೇ ನನಗೊಂದು ವಾಯ್ಸ್ ಮೆಸೇಜ್ ಬಂತು: "ಅಣ್ಣ, ಅಪ್ಪಂಗೆ ಎಲ್ಲಾ ಹೇಳ್ದೆ. ಈ ಸಲ ಸೊಪ್ಪು ಏರಿಸುವಾಗ ಎರಡು ಸೆನ್ಸರ್ ಬೇಕಂತೆ, ಒಂದು ಮೇಲ್ಗಡೆಗೆ."