ಪಗಾರ, ಸಂಬಳ

ಡಿಸೆಂಬರ್ 19. 1961ರಲ್ಲಿ ಇದೇ ದಿನ ಗೋವೆಯಲ್ಲಿ ಪೋರ್ತುಗೀಸರ ಆಳ್ವಿಕೆ ಕೊನೆಗೊಂಡಿತು. 1510ರಿಂದ ಅಲ್ಲಿ ಬೇರೂರಿದ್ದವರು ಹೋದರು. ಅವರ ಮಾತುಗಳು ನಮ್ಮ ನಾಲಗೆಯ ಮೇಲೆ ಉಳಿದವು. ಚಾವಿ, ಬಟಾಟೆ ಅವರಿಂದಲೇ ಬಂದವು. ಧಾರವಾಡದ ಕಡೆಯವರೂ ಮುಂಬಯಿಯವರೂ ತಿಂಗಳಿಡೀ ಎದುರುನೋಡುವ ‘ಪಗಾರ’ ಕೂಡ ಅವರದೇ. ಪೋರ್ತುಗೀಸಿನಲ್ಲಿ ‘ಪಗಾರ್’ ಎಂದರೆ ಹಣ ಸಲ್ಲಿಸುವುದು.

ಮೈಸೂರು ಕಡೆಯವರು ಹೇಳುವ ‘ಸಂಬಳ’ದ ಮೂಲ ಸಂಸ್ಕೃತದ ‘ಶಂಬಲ’. ಅದರ ಅರ್ಥ ದಾರಿಯ ಬುತ್ತಿ! ಊರು ಬಿಟ್ಟು ದುಡಿಯಲು ಬಂದ ನಮ್ಮಂಥವರಿಗೆ ಇದಕ್ಕಿಂತ ಒಪ್ಪುವ ಪದ ಸಿಕ್ಕೀತೆ? ಆದರೆ ಬುತ್ತಿ ಎಂದಮೇಲೆ ದಾರಿ ಸವೆಯುವವರೆಗೆ ಬರಬೇಕಲ್ಲ. ಮನೆಗೆ ಕಳುಹಿಸಿ, ಖಾನಾವಳಿಯ ಬಾಕಿ ತೀರಿಸಿದರೆ ಹತ್ತನೆಯ ತಾರೀಖಿಗೇ ಗಂಟು ಬರಿದು.